ಸೊಕ್ಕೆಯ ಹೊಲದ ನಾಲ್ಕು ಮೊಟ್ಟೆ

ಕ್ಷಮಿಸುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಹತ್ತು ವರ್ಷ ಕಲಿಸಿದರು. ಕರ್ಸಿವ್ ಅಕ್ಷರ ಬಂತು, ಟೇಬಲ್ ಮ್ಯಾನರ್ಸ್ ಬಂತು, ಅದೊಂದು ಬರಲಿಲ್ಲ. ಹೊನ್ನಾಳಿಯ ಆ ಒಬ್ಬರನ್ನು ನಾನಿನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಪ್ಲಾನೂ ಇಲ್ಲ.

ನಾನಿರುವುದು ನ್ಯಾಮತಿಯಲ್ಲಿ. ಅರವತ್ತು ದಾಟಿದ ಮೇಲೆ ಒಂದು ಪುಟ್ಟ ಝೂಮ್ ಕ್ಯಾಮರಾ ಕೈಗೆ ಬಂತು. ಬಸ್ಸು ಹೋಗುವಷ್ಟು ದೂರ ಹೋಗಿ, ಮಂಡಿ ಬಗ್ಗುವಷ್ಟು ಬಗ್ಗಿ, ತುಂಬೆ, ಉತ್ತರಾಣಿ, ಓತಿಕ್ಯಾತ, ಸಿಕ್ಕಿದ್ದನ್ನೆಲ್ಲ ತೆಗೆಯುತ್ತಿದ್ದೆ. ಜಗಳೂರಿನಲ್ಲಿ ತಂಗಿಯ ಮನೆ. ಅಲ್ಲಿಗೆ ಹೋದಾಗಲೆಲ್ಲ ಹತ್ತಿರದ ಸೊಕ್ಕೆಯ ಹೊಲಗಳಲ್ಲಿ ಅಲೆಯುವುದು ರೂಢಿ. ಹಾಗೆ ಪರಿಚಯವಾದವಳು ಒಂದು ಹೊಲದ ಒಡತಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು.

ಅವಳ ಹೊಲದಲ್ಲಿ ವರ್ಷವೂ ಒಂದು ಟಿಟ್ಟಿಭ ಹಕ್ಕಿಯ ಜೋಡಿ ಮೊಟ್ಟೆಯಿಡುತ್ತಿತ್ತು. ಗೂಡು ಅಂತೇನಿಲ್ಲ; ಬರೀ ನೆಲದಲ್ಲಿ ಒಂದು ತಗ್ಗು, ನಾಲ್ಕು ಮಚ್ಚೆ ಮೊಟ್ಟೆ. ಮೇ ತಿಂಗಳ ಮಳೆ ಬಿದ್ದು ಟ್ರ್ಯಾಕ್ಟರ್ ಬಂದಾಗ ಅವಳು ಮೊಟ್ಟೆಗಳ ಸುತ್ತ ಜಮಖಾನೆಯಷ್ಟು ನೆಲವನ್ನು ಉಳದೆ ಬಿಡಿಸುತ್ತಿದ್ದಳು, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು. ಅತ್ತೆಯ ಕಾಲದಿಂದ ಬಂದದ್ದಂತೆ. ಡ್ರೈವರ್ ಗೊಣಗಿದರೆ, "ನಿನ್ ಗಾಡಿಗೆ ಸ್ಟೇರಿಂಗ್ ಐತಲ್ಲಪ್ಪ, ಮೊಟ್ಟಿಗೆ ಐತೇನು?" ಎಂದು ಬಾಯಿ ಮುಚ್ಚಿಸಿದ್ದಳು. ನನಗೆ ಎರಡು ಕಂಡೀಶನ್ ಹಾಕಿದಳು: ಬದುವಿನ ಮೇಲೆ ನಿಂತೇ ಫೋಟೊ ತೆಗೆಯಬೇಕು, ಜಾಗ ಯಾರಿಗೂ ಹೇಳಬಾರದು. ಪ್ರಾಮಿಸ್ ಮಾಡಿದೆ.

ಬದುವಿನಿಂದ ಪೂರ್ತಿ ಝೂಮ್ ಮಾಡಿ ತೆಗೆದ ಆ ಚಿತ್ರ ನನ್ನ ಬದುಕಿನ ಒಳ್ಳೆಯ ಚಿತ್ರ. ನಾಲ್ಕೂ ಮೊಟ್ಟೆಗಳ ಚೂಪು ತುದಿಗಳು ಒಳಮುಖವಾಗಿ ಒಂದಕ್ಕೊಂದು ಕೂಡಿದ್ದವು. ಟಿಟ್ಟಿಭ ಯಾವಾಗಲೂ ಹಾಗೆಯೇ ಜೋಡಿಸಿಕೊಳ್ಳುತ್ತದೆ. ಆಗಲೇ ನಾಲ್ಕೂ ಹೊಟ್ಟೆಯಡಿ ಹಿಡಿಸುತ್ತವೆ.

ನಮ್ಮ ಹವ್ಯಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಹೊನ್ನಾಳಿಯ ಒಬ್ಬರು ನಿವೃತ್ತರಿದ್ದರು. ತೋಳುದ್ದದ ಲೆನ್ಸ್, ಎಲೆಬಣ್ಣದ ಜಾಕೆಟ್. ನನ್ನ ತುಂಬೆ ಹೂವಿಗೆ "ಸೋ ಸ್ವೀಟ್ ಮೇಡಂ, ಉಪ್ಪಿನಕಾಯಿ ಫೋಟೊನೂ ಹಾಕಿ" ಎಂದು ಬರೆದವರು. ಆ ಉಪ್ಪಿನಕಾಯಿಗೆ ಉತ್ತರ ಕೊಡಬೇಕೆಂದೇ ಮೊಟ್ಟೆಗಳ ಚಿತ್ರ ಹಾಕಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು. ಹೊಗಳಿದರು. ಎಕ್ಸಲೆಂಟ್ ಅಂದರು, ಮಾಸ್ಟರ್‌ಪೀಸ್ ಅಂದರು. ಎಂಥ ಸಿಲ್ಲಿ ಹೆಂಗಸು ನಾನು. ಯಾವ ಹೊಲ ಎಂದು ಹೇಳಿಬಿಟ್ಟೆ.

ಎಂಟು ದಿನ ಬಿಟ್ಟು ಸೊಕ್ಕೆಗೆ ಹೋದರೆ, ಕಲ್ಲುಗಳ ನಡುವಿನ ತಗ್ಗು ಬರಿದಾಗಿತ್ತು. ಹತ್ತು ಹೆಜ್ಜೆ ಆಚೆ, ಕೆಂಪು ನೊರಜುಗಲ್ಲಿನ ಮೇಲೆ, ಬೆಳಕು ಚೆನ್ನಾಗಿ ಬೀಳುವ ಕಡೆ ಮೊಟ್ಟೆಗಳಿದ್ದವು. ಮುಟ್ಟಿದೆ. ತಣ್ಣಗಿದ್ದವು. ಹಕ್ಕಿಗಳ ಸದ್ದೇ ಇರಲಿಲ್ಲ. ಒಡತಿ ಬಂದು ಪಕ್ಕದಲ್ಲಿ ನಿಂತಳು. ಕಾರಿನಲ್ಲಿ ಯಾರೋ ಬಂದಿದ್ದರಂತೆ.

"ಜಾಗ ನೀವೇನಾರ ಹೇಳಿದ್ರಾ ಅಮ್ಮಾರೆ?"

ಇಲ್ಲ ಎಂದೆ. ಅಷ್ಟು ಸಲೀಸಾಗಿ.

ಬಸ್ಸಿನಲ್ಲಿ ಬರುವಾಗ ಅಳಲಿಲ್ಲ. ಆ ಮನುಷ್ಯರ ಮಾನ ಹೇಗೆ ತೆಗೆಯುವುದೆಂದು ಯೋಚಿಸಿದೆ. ಅವಸರ ಮಾಡಲಿಲ್ಲ. ಗುಂಪಿನಲ್ಲಿ ಅವರಿಗೆ ದಿನವೂ ಗುಡ್ ಮಾರ್ನಿಂಗ್ ಹಾಕಿದೆ.

ಮೂರು ತಿಂಗಳಿಗೆ ಚನ್ನಗಿರಿಯಲ್ಲಿ ಗುಂಪಿನವರ ಫೋಟೊ ಪ್ರದರ್ಶನ. ಹೊನ್ನಾಳಿಯವರ ಚಿತ್ರ ಬಾಗಿಲಿಗೆ ಎದುರೇ, ಮೊದಲ ಬಹುಮಾನದ ರಿಬ್ಬನ್ ಹೊತ್ತು. ಕೆಂಪು ಕಲ್ಲು, ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಹೊರಕ್ಕೆ, ರಂಗೋಲಿಯ ಹೂವಿನ ಹಾಗೆ. ನೋಡಿದ ಕೂಡಲೇ ಎದೆಯಲ್ಲಿ ಏನೋ ತಂಪಾಯಿತು. ನನ್ನ ಚಿತ್ರದ ಪ್ರಿಂಟು ಬ್ಯಾಗಿನಲ್ಲೇ ಇತ್ತು.

ಮೈಕು ಹಿಡಿದು ಅವರು ತಾಳ್ಮೆಯ ಬಗ್ಗೆ ಮಾತಾಡಿದರು. ಮೂರು ದಿನ ಅಲುಗದೆ ಕೂತಿದ್ದರಂತೆ. ನಾನು ಎದ್ದು ನಿಂತೆ. "ಸರ್, ಒಂದು ಸ್ಮಾಲ್ ಡೌಟ್. ಮೊಟ್ಟೆಗಳನ್ನ ಹೀಗೆ ಜೋಡಿಸಿದ್ದು ಯಾರು?"

"ಪ್ರಕೃತಿ ಮೇಡಂ," ಎಂದು ನಕ್ಕರು.

ಪ್ರಿಂಟನ್ನು ಮುಂದಿನ ಸಾಲಿಗೆ ಕೊಟ್ಟೆ. ಅದೇ ಹೊಲ, ಅದೇ ಮೊಟ್ಟೆ, ಮಚ್ಚೆಗೆ ಮಚ್ಚೆ ಕೂಡುತ್ತದೆ, ನೋಡಿ ಎಂದೆ. ಟಿಟ್ಟಿಭ ಎಂದೂ ಚೂಪು ತುದಿ ಹೊರಗೆ ಮಾಡಿ ಕೂರುವುದಿಲ್ಲ ಎಂದೆ. ಪ್ರಿಂಟು ಕೈಯಿಂದ ಕೈಗೆ ಹೋದಂತೆ ಅವರ ಮುಖದ ಬಣ್ಣ ಇಳಿಯುವುದನ್ನು ಒಂದು ಕ್ಷಣವೂ ಬಿಡದೆ ನೋಡಿದೆ.

ಕೊನೆಗೆ ಅವರು ಬಾಯಿಬಿಟ್ಟರು. "ಜಾಗ ಹೇಳಿದ್ದೇ ನೀವಲ್ವಾ ಮೇಡಂ?"

ಎಲ್ಲರೂ ನನ್ನ ಕಡೆ ತಿರುಗಿದರು. ಇದನ್ನು ನಾನು ಎಣಿಸಿರಲಿಲ್ಲ. "ಹೌದು," ಎಂದೆ. "ಹೇಳಿದ್ದು ನಾನು. ಮುಟ್ಟಿದ್ದು ನೀವು."

ಚಿತ್ರವನ್ನು ಇಳಿಸಿದರು. ಗೋಡೆಯಲ್ಲಿ ಬರೀ ಮೊಳೆ ಉಳಿಯುವವರೆಗೆ ನಿಂತಿದ್ದು, ಬಸ್ ಸ್ಟ್ಯಾಂಡಿಗೆ ಬಂದು ಮಂಡಕ್ಕಿ ಮಿರ್ಚಿ ತಿಂದೆ. ಅಷ್ಟು ರುಚಿ ಆಮೇಲೆ ಯಾವತ್ತೂ ಸಿಕ್ಕಿಲ್ಲ.

ಆದರೆ ಅಷ್ಟು ಜನರೆದುರು ಒಪ್ಪಿಕೊಂಡದ್ದನ್ನು ಒಬ್ಬಳಿಂದ ಮುಚ್ಚಿಡುವುದು ಹೇಗೆ? ಮರುವಾರ ಸೊಕ್ಕೆಗೆ ಹೋದೆ. ಮೆಕ್ಕೆಜೋಳ ಎದೆಯೆತ್ತರ ಬೆಳೆದಿತ್ತು, ಒಳಗೆ ಕಲ್ಲುಗಳ ನಡುವಿನ ಜಾಗ ಹಾಗೇ ಬಯಲು. ಹೇಳಿದೆ. ಅವಳು ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡ್ರಿ. ನ್ಯಾಮತಿ ಅಮ್ಮಾರು ಕಳ್ಸ್ಯಾರೆ ಅಂತ ಅವತ್ತೇ ಅಂದಿದ್ದ ಅವನು. ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಿದ್ದೆ." ಕೈಯಲ್ಲಿದ್ದ ಹುಲ್ಲನ್ನು ಬದುವಿಗೆ ಎಸೆದಳು. "ಬರಾಕೆ ಬ್ಯಾಡ ಅನ್ನಲ್ಲ. ಕ್ಯಾಮರಾ ಮನ್ಯಾಗೆ ಬಿಟ್ಟು ಬರ್ರಿ."

ಈ ವರ್ಷ ಟಿಟ್ಟಿಭ ಮತ್ತೆ ಬಂತು. ಅದೇ ತಗ್ಗಿನಲ್ಲಿ ನಾಲ್ಕು ಮೊಟ್ಟೆ. ಬದುವಿನ ಮೇಲೆ ಬರಿಗೈಯಲ್ಲಿ ನಿಂತು ನೋಡಿದೆ. ಝೂಮ್ ಇಲ್ಲದ ನನ್ನ ಕಣ್ಣಿಗೆ ತುದಿಗಳು ಯಾವ ಕಡೆಗಿವೆ ಎಂಬುದು ಕಾಣಿಸಲಿಲ್ಲ. ಅವಳು ಕೊಟ್ಟ ಶಿಕ್ಷೆ ನ್ಯಾಯವಾದದ್ದು, ಅನುಭವಿಸುತ್ತಿದ್ದೇನೆ.

ಹೊನ್ನಾಳಿಯವರದು ಇನ್ನೂ ಮುಗಿದಿಲ್ಲ. ಗುಂಪಿನಲ್ಲಿ ಈಗಲೂ ಚಿತ್ರ ಹಾಕುತ್ತಾರೆ. ಪ್ರತಿಯೊಂದನ್ನೂ ದೊಡ್ಡದು ಮಾಡಿ, ಕೈಯಾಡಿಸಿದ ಗುರುತು, ರೆಂಬೆ ಕಟ್ಟಿದ ದಾರವೇನಾದರೂ ಕಾಣುತ್ತದೆಯೇ ಎಂದು ಮೂಲೆಮೂಲೆ ನೋಡುತ್ತೇನೆ. ನೋಡಿದೆ ಎಂದು ತಿಳಿಯಲಿ ಅಂತ ಕೆಳಗೆ ಬರೆಯುತ್ತೇನೆ: "ನೈಸ್, ಸರ್."