ಕರ್ಪೂರದ ವಾಸನೆಯಿಲ್ಲದ ಲಡ್ಡು

ಲಡ್ಡುವಿನಲ್ಲಿ ಪಚ್ಚಕರ್ಪೂರದ ವಾಸನೆ ಇರಲಿಲ್ಲ.

ಪಕ್ಕದ ಮನೆಯ ಸರೋಜಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. "ತಿರುಪತೀದೇನವ್ವ ಇದು, ನಮ್ಮ ಬಸ್ ಸ್ಟ್ಯಾಂಡ್‌ದಾ?"

ನಾನು ಡಬ್ಬಿ ಮುಚ್ಚಿ ಮುಂದಿನ ಮನೆಗೆ ನಡೆದೆ. (ಮಾತು ತಪ್ಪಿಸುವುದು ನನಗೆ ಸುಲಭ. ನನ್ನ ಮನೆಯ ಸುದ್ದಿ ಈ ಅಂಕಣದಲ್ಲಿ ಎಷ್ಟು ಅಪರೂಪ ಎಂಬುದು ನಿಮಗೆ ಗೊತ್ತು.)

ಲಡ್ಡು ಬಸ್ ಸ್ಟ್ಯಾಂಡ್ ಎದುರಿನ ಮಿಠಾಯಿ ಅಂಗಡಿಯದೇ. ತಂದವರು ನನ್ನ ಚಿಕ್ಕಪ್ಪ. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಎರಡನೇ ಕೀಮೋ ಆದ ಮೇಲೆ ಕೂದಲು ಪೂರ್ತಿ ಹೋಯಿತು. ಸೆರಗು ಹೊದ್ದು ಎಷ್ಟು ದಿನ ಮುಚ್ಚಿಡುವುದು? ಆಂಧ್ರದ ಗಡಿಯ ನಮ್ಮ ಆದೋನಿ ಕಡೆ ಹೆಂಗಸರು ತಿರುಪತಿಯಲ್ಲಿ ಮುಡಿ ಕೊಟ್ಟು ಬರುವುದು ಮಾಮೂಲು. ಬೋಳು ತಲೆ ಕಂಡರೆ ಯಾರೂ ಬೆಚ್ಚುವುದಿಲ್ಲ. ದರ್ಶನ ಹೇಗಾಯ್ತು ಅನ್ನುತ್ತಾರೆ, ಪ್ರಸಾದಕ್ಕೆ ಕೈ ಒಡ್ಡುತ್ತಾರೆ. ಚಿಕ್ಕಪ್ಪ ಅದನ್ನೇ ಹಿಡಿದುಕೊಂಡರು. ಕಳೆದ ಭಾನುವಾರ ಓಣಿಗೆಲ್ಲ ಲಡ್ಡು ಹಂಚಿಸಿದರು. ಹಂಚಿದವಳು ನಾನು.

ಚಿಕ್ಕಪ್ಪ ಹತ್ತಿ ವ್ಯಾಪಾರಿ. ಸರ್ಕಾರದ ಆರೋಗ್ಯ ವಿಮೆ ಮೊದಲು ಅವರಂಥವರಿಗೆ ಇರಲಿಲ್ಲ. ಆದಾಯದ ಮಿತಿ ಏರಿಸಿದ ಮೇಲೆ ಅವರ ಮನೆಗೂ ಕಾರ್ಡ್ ಬಂತು. ಬಂದದ್ದು ನೇರವಾಗಿ ಬೀರು ಸೇರಿತು. ಕರ್ನೂಲಿನಲ್ಲಿ ಕೀಮೋ ಕೊಡುವ ಆಸ್ಪತ್ರೆಯಲ್ಲಿ ಆ ಕಾರ್ಡ್ ನಡೆಯುತ್ತದೆ. ಆದರೂ ಇವರು ಕಟ್ಟುವುದು ನಗದು.

ಅಂದು ಖಾಲಿ ಡಬ್ಬಿ ಹಿಡಿದು ವಾಪಸ್ ಬಂದವಳು ಕೇಳಿಯೇಬಿಟ್ಟೆ. ಮೂರನೇ ಕೀಮೋದ ತಾರೀಖು ದಾಟಿ ಎಂಟು ದಿನವಾಗಿತ್ತು.

"ಹತ್ತಿ ಬಿಲ್ ಬರ್ಲಿ, ಹೋಗೂಣು," ಅಂದರು ಚಿಕ್ಕಪ್ಪ.

"ಕಾರ್ಡ್ ಐತಲ್ಲ?"

"ಕಾರ್ಡಾ! ಅದು ತೋರಿಸಿದ್ರ ವೆರಿಫಿಕೇಶನ್ ಅಂತ ಮನಿಗೆ ಬರ್ತಾರ, ಓಣ್ಯಾಗ ನಿಂತು ಹೆಸರು ಕೂಗ್ತಾರ. ಮಾರ್ಕೆಟ್‌ನ್ಯಾಗ ಏನಂತಾರ? ಸಾವ್ಕಾರ ಸರ್ಕಾರಿ ಕಾರ್ಡಿಗೆ ಬಂದ, ಅಂಗಡಿ ಅಯಿಪೋಯಿಂದಿ, ಮುಗೀತು ಅಂತಾರ. ನಾಳಿ ನನ್ನ ಮಾತಿನ ಮ್ಯಾಲ ಒಬ್ಬನೂ ಮಾಲು ಕೊಡಂಗಿಲ್ಲ, ತಿಳೀತಾ?"

ಭಯ ಸುಳ್ಳಲ್ಲ. ಇಲ್ಲಿಯ ಹತ್ತಿ ವ್ಯಾಪಾರ ಅರ್ಧ ನಡೆಯುವುದೇ ಬಾಯಿಮಾತಿನ ಮೇಲೆ. ಅವರನ್ನು ಬೈಯಲು ನನಗೆ ಮುಖವೂ ಇಲ್ಲ. ಎಲ್ಲವನ್ನೂ ಒಳಗಿಟ್ಟುಕೊಳ್ಳುವ ಗುಣ ನನಗೂ ಬಂದದ್ದು ಇದೇ ಮನೆತನದಿಂದ.

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಹೌದವ್ವ, ನಾ ಹೋದ ಮ್ಯಾಲ ಅಂಗಡಿ ಭಾಳ ಚಲೋ ನಡೀತೈತಿ. ತಿಥಿಗೂ ಇದ ಲಡ್ಡು ಹಂಚ್ರಿ."

ಅವಳೊಬ್ಬಳೇ ನಕ್ಕಳು. ನಾನು ಒಳಗೆ ಹೋದಾಗ ಮೆಲ್ಲಗೆ ಅಂದಳು: "ಬೀರುವಿನ ಕೀಲಿ ನನ್ನ ದಿಂಬಿನ ತೆಳಗೈತಿ."

ವಿಮೆ ಎಲ್ಲವನ್ನೂ ಕೊಡುವುದಿಲ್ಲ, ನಿಜ. ಬಸ್ಸು, ಊಟ, ಈಗಾಗಲೇ ಕಟ್ಟಿದ ಎರಡು ಬಿಲ್ಲು, ಇವೆಲ್ಲ ನಮ್ಮ ಪಾಲಿಗೇ. ಆದರೆ ಕೀಮೋದ ತಾರೀಖನ್ನು ಅದು ಹತ್ತಿಯ ರೇಟಿನಿಂದ ಬಿಡಿಸುತ್ತದೆ. ಈ ಕಾಯಿಲೆಯಲ್ಲಿ ಅದಕ್ಕಿಂತ ದೊಡ್ಡದು ಏನಿದೆ? ಕವರೇಜ್ ವಿಸ್ತರಿಸಲು ಸರ್ಕಾರಕ್ಕೆ ಒಂದು ಆದೇಶ ಸಾಕು. ಕಾರ್ಡನ್ನು ಬೀರುವಿನಿಂದ ಹೊರಗೆ ತರಲು ಯಾರ ಆದೇಶ ಬೇಕು?

(ಚಿಕ್ಕಮ್ಮನನ್ನು ಕೇಳಿಯೇ ಇದನ್ನು ಬರೆದೆ. "ಬರಿ, ಆದ್ರ ಬೋಳು ತಲೀ ಫೋಟೋ ಹಾಕಬ್ಯಾಡ" ಅಂದಳು.)

ಲಡ್ಡು ಹಂಚಿದ ಮರುದಿನ ಬೆಳಿಗ್ಗೆ ಆರೂವರೆಯ ಕರ್ನೂಲು ಬಸ್ಸಿಗೆ ಇಬ್ಬರೂ ಹೊರಟೆವು. ಚಿಕ್ಕಪ್ಪ ಹೊರಗೆ ಬರಲಿಲ್ಲ. ಸರೋಜಮ್ಮ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು.

"ಮತ್ತ ತಿರುಪತಿಗೇನ್ರವ್ವ?"

ಚಿಕ್ಕಮ್ಮನ ಮುಖ ನೋಡಿದೆ. ಅವಳು ತಲೆಯ ಮೇಲಿನ ಸೆರಗನ್ನು ತಾನೇ ಜಾರಿಸಿದಳು.

"ಅಲ್ಲರಿ, ಕರ್ನೂಲಿಗೆ. ಚಿಕ್ಕಮ್ಮಗ ಕ್ಯಾನ್ಸರ್ ಐತಿ, ಕಾರ್ಡಿನ ಮ್ಯಾಲ ಕೀಮೋ ಹಾಕಿಸಾಕ ಹೊಂಟೀವಿ," ಅಂದೆ, ಓಣಿಯ ಕೊನೆಯ ಮನೆಗೂ ಕೇಳುವ ಹಾಗೆ.