ಎಂಟುನೂರು ದೈತ್ಯರ ದಂಡಯಾತ್ರೆ

ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ ನಾನೂ ನನ್ನ ಗೆಳೆಯನೂ ಒಂದು ರಾಜ್ಯವನ್ನು ಆಳುತ್ತಿದ್ದೆವು. ಹಗಲು ಹೊತ್ತು ನಾನು ಹೊಳೆನರಸೀಪುರದ ಜೂನಿಯರ್ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು, ಅವನು ಅದೇ ಊರಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಸಂಜೆ ಹಾಸನಕ್ಕೆ ಮರಳಿ ಇಂಟರ್‌ನೆಟ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಕೂಡಲೇ ಇಬ್ಬರೂ ಸೇನಾಪತಿಗಳು.

ಅದು ದೇಶದೇಶದವರು ಇಂಟರ್‌ನೆಟ್‌ನಲ್ಲಿ ಸೇರಿ ಆಡುವ, ನಾವು ಎದ್ದು ಹೋದರೂ ನಡೆಯುತ್ತಲೇ ಇರುವ ಕಂಪ್ಯೂಟರ್ ಆಟ. ಅದರಲ್ಲಿ ಎರಡು ಪಕ್ಷಗಳಿದ್ದವು: ಬೆಟ್ಟದವರು, ಕಾಡಿನವರು. ನಾವು ಬೆಟ್ಟದವರು. ಕೊಡಲಿ ಹಿಡಿದ ಕುಳ್ಳರು ಹನ್ನೆರಡು ಸಾವಿರ, ಬಂಡೆ ಎಸೆಯುವ ದೈತ್ಯರು ಎಂಟುನೂರು. ಕಾಡಿನವರ ಬಿಲ್ಲುಗಾರರು ನಮ್ಮ ಅರ್ಧದಷ್ಟೂ ಇರಲಿಲ್ಲ. ಇಷ್ಟು ಸುಲಭದ ಯುದ್ಧದ ಬಗ್ಗೆ ಒಂದು ತಿಂಗಳು ಚರ್ಚಿಸಬೇಕಾದರೆ ನಮ್ಮಂಥ ವಿದ್ಯಾವಂತರೇ ಬೇಕು. ಬೆಳಗಿನ ಪ್ಯಾಸೆಂಜರ್ ರೈಲೇ ನಮ್ಮ ಮಂತ್ರಾಲೋಚನೆಯ ಸಭೆ.

"ದೈತ್ಯರನ್ನ ಮುಂದೆ ಬಿಡೋಣ ಕಣೋ. ಸತ್ರೆ ಸಾಯ್ಲಿ," ಎಂದ ಗೆಳೆಯ ಒಂದು ದಿನ, ಪೇಪರಿನ ಅಂಚಿನಲ್ಲಿ ಬಾಣದ ಗುರುತು ಹಾಕುತ್ತಾ.

"ಬೇಡ, ಎಡಗಡೆಯಿಂದ ಸುತ್ತು ಹಾಕ್ಸು. ಇತಿಹಾಸದಲ್ಲಿ ಎಲ್ಲಾ ಗೆದ್ದಿರೋದು ಹಂಗೇನೆ," ಎಂದೆ. ಹಾಗೆ ಯಾರು ಗೆದ್ದಿದ್ದರೆಂದು ಅವನು ಕೇಳಲಿಲ್ಲ, ಪುಣ್ಯ.

ಎದುರು ಸೀಟಿನಲ್ಲಿ ಮದುವೆ ಮನೆಗಳಿಗೆ ಅಡುಗೆ ಮಾಡುವವರೊಬ್ಬರು ಕಾಲ ಬಳಿ ಸೌಟು, ಜಾಲರಿಗಳ ಚೀಲವಿಟ್ಟುಕೊಂಡು ಕೂತಿದ್ದರು. ಹೊಳೆನರಸೀಪುರ ಹತ್ತಿರವಾದಾಗ ಕೇಳಿಯೇಬಿಟ್ಟರು: "ಅಲ್ಲ ಸಾ, ಅಷ್ಟು ಜನುಕ್ಕೆ ಊಟ ಯಾರ್ ಆಕ್ತಾರೆ?"

"ಅದು ಕಂಪ್ಯೂಟರ್ ಆಟ ಕಣ್ರೀ."

"ಆಟ್ದಾಗೆ ಒಟ್ಟೆ ಅಸಿಯಾಕಿಲ್ವಾ? ಅದ್ಯಾರೋ ದೈತ್ಯರು ಅಂತೀರಿ. ಸಾವ್ರ ಜನದ ಮದ್ವೆಗೇ ಮುಂಚಿನ್ ದಿನುದಿಂದ ಒಲೆ ಉರೀಬೇಕು ಸಾ."

"ಯುದ್ಧ ಅಂದ್ರೆ ಬೀಗರೂಟ ಅಲ್ಲ," ಎಂದೆ, ಇತಿಹಾಸದ ಮೇಷ್ಟ್ರ ಪೂರ್ತಿ ಗತ್ತಿನಲ್ಲಿ. ಅವರು "ಸರಿ ಬುಡಿ" ಎಂದು ಚೀಲ ಹೆಗಲಿಗೇರಿಸಿ ಇಳಿದು ಹೋದರು. ನಾವೂ ಇಳಿದು ಸ್ಟೇಷನ್ ದಾಟುವವರೆಗೂ ನಕ್ಕೆವು.

ಪರದೆಯ ಮೂಲೆಯಲ್ಲಿ 'ಧಾನ್ಯ' ಎಂಬರ್ಥದ ಪದದ ಪಕ್ಕ ಒಂದು ಅಂಕಿ ಇತ್ತು, ನಿಜ. ಅದನ್ನು ಅಲಂಕಾರವೆಂದುಕೊಂಡಿದ್ದೆವು. ಇನ್ನಷ್ಟು ದೈತ್ಯರನ್ನು ಇಳಿಸಲು ಜಾಗ ಸಾಲದೆ ಗೆಳೆಯ ನಮ್ಮ ಹೊಲಗಳನ್ನೆಲ್ಲ ಕೆಡವಿ ದಂಡಿನ ಮನೆ ಕಟ್ಟಿಸಿದ. ಶುಕ್ರವಾರ ಸಂಜೆ ಸೇನೆ ಹೊರಟಿತು. ಕಾಡು ಮೂರು ದಿನದ ದಾರಿ. ಶನಿವಾರ, ಭಾನುವಾರ ಹಾಸನದಲ್ಲಿ ಕರೆಂಟಿರಲಿಲ್ಲ. ಇಬ್ಬರೂ ಮನೆಯಲ್ಲೇ ಕೂತು ವಿಜಯೋತ್ಸವ ಆಚರಿಸಿದೆವು.

ಸೋಮವಾರ ಹೋಗಿ ನೋಡಿದರೆ ಕುಳ್ಳರು ಹಸಿವಿನಿಂದ ಗುಂಪು ಗುಂಪಾಗಿ ಸೇನೆ ಬಿಟ್ಟು ಓಡಿಹೋಗಿದ್ದರು. ದೈತ್ಯರಲ್ಲಿ ಹನ್ನೊಂದು ಮಂದಿ ಉಳಿದಿದ್ದರು. ಕಾಡಿನವರು ಒಂದು ಬಾಣವನ್ನೂ ಬಿಟ್ಟಿರಲಿಲ್ಲ. ನಮ್ಮ ಪಕ್ಷದ ಮುಖಂಡ, ಯಾವ ದೇಶದವನೋ ಏನೋ, ನಮ್ಮಿಬ್ಬರನ್ನೂ ಪಕ್ಷದಿಂದ ಹೊರಹಾಕಿದ್ದ. ಮೂಲೆಯ ಧಾನ್ಯದ ಅಂಕಿ ನೋಡಿದೆ: ಸೊನ್ನೆ.

"ಪ್ಲಾನ್ ಸರಿಯಾಗೇ ಇತ್ತು ಕಣೋ. ಸೈನಿಕರಿಗೆ ನಿಯತ್ತಿರ್ಲಿಲ್ಲ ಅಷ್ಟೇ," ಎಂದ ಗೆಳೆಯ.

ವಾರ ಕಳೆಯುವಷ್ಟರಲ್ಲಿ ಆ ನಿಯತ್ತಿನ ಮನುಷ್ಯ ಬೇರೆ ಹೆಸರಿನಲ್ಲಿ ಕಾಡಿನವರ ಪಕ್ಷ ಸೇರಿ ಅವರಿಗೆ ಯುದ್ಧತಂತ್ರ ಹೇಳಿಕೊಡಲು ಶುರುಮಾಡಿದ್ದ. ದ್ರೋಹಿ ಎಂದು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ರೈಲಿನಲ್ಲಿ ಅವನ ಪಕ್ಕ ಕೂತು, "ನಿಮ್ಮ ಕಡೆ ಬಿಲ್ಲುಗಾರರು ಎಷ್ಟೋ?" ಎಂದು ಕೇಳಿದೆ.