ಪಂಚಮಿ ಮುಗಿದ ಐತವಾರ

ಬೀದರಿನ ಚಿದ್ರಿಯಲ್ಲಿ ರವಿಕೆ ಹೊಲಿಯುವ ಸಿದ್ದೇಶ್ವರಿ ಓದಿದ್ದು ಔರಾದಿನ ಹೈಸ್ಕೂಲಿನಲ್ಲಿ. ಹಳೇ ವಿದ್ಯಾರ್ಥಿಗಳ ಕೂಟಕ್ಕೆ ಪ್ರತಿ ಜನವರಿಯಲ್ಲೂ ತಪ್ಪದೆ ಹೋಗುತ್ತಿದ್ದಳು. ಅಲ್ಲಿ ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಒಬ್ಬ ಗೆಳತಿಯ ಮುಖವನ್ನೂ ನೋಡದೆ ಮರಳಬೇಕಿತ್ತು. ಕಡೆಗೆ ಕೂಟ ನಡೆಸುವ ಸಹಪಾಠಿ ಅಮೋಲನಿಗೆ ಹೇಳಿಯೇಬಿಟ್ಟಳು.

“ಜನವರ್ಯಾಗ ಗಂಡನ ಮನಿ ಬಿಟ್ಟು ಯಾರು ಬರ್ತಾರೋ? ನಾಗರಪಂಚಮಿಗಿ ಎಲ್ಲಾರೂ ತವರಿಗಿ ಬಂದಿರ್ತಾರ. ಅದು ಮುಗಿದ ಐತವಾರ ಇಡು.”

“ಜೋಕಾಲಿ ಬಿಟ್ಟು ಸಾಲಿಗಿ ಬರ್ತಾರೇನವಾ? ಒಂದ್ ಸಲ ಇಟ್ಟು ನೋಡ್ತೇನಿ. ಯಾರೂ ಬರಲಿಲ್ಲಂದ್ರ ಮತ್ತ ಜನವರಿನೇ.”

ಆ ಐತವಾರ ಬೆಳಗಿನಿಂದಲೇ ಅವಳಿಗೆ ಕಳವಳ. ಮಳೆ ಹಿಡಿದರೆ? ಗಂಡಂದಿರು ಶನಿವಾರವೇ ಕರೆದೊಯ್ದಿದ್ದರೆ? ಸಾಲದ್ದಕ್ಕೆ ಕಂಕುಳಲ್ಲಿದ್ದ ಮಗಳಿಗೆ ನೆಗಡಿ. ಶಾಲೆಯಂಗಳದಲ್ಲಿ ನೋಡಿದರೆ ಬರೀ ಗಂಡಸರೇ. ಅಮೋಲ್ ಮೀಸೆಯೊಳಗೇ ನಕ್ಕ.

ಅಷ್ಟರಲ್ಲಿ ಗೇಟಿನ ಮುಂದೆ ಟಂಟಂ ಆಟೊ ಬಂದು ನಿಂತಿತು. ಮೊದಲು ಇಳಿದವಳು ಭಾಲ್ಕಿಗೆ ಸೊಸೆಯಾಗಿ ಹೋದ ರಾಧಿಕಾ. ಹಿಂದೆ ಒಬ್ಬೊಬ್ಬರಾಗಿ ಗೆಳತಿಯರು, ಅವರ ಮಕ್ಕಳು, ಶೇಂಗಾ ಉಂಡಿಯ ಡಬ್ಬಿಗಳು.

“ಮನಿ ಮನಿಗಿ ಹೋಗಿ ಎಬ್ಬಿಸ್ಕೊಂಡು ಬಂದೀನವಾ,” ಎಂದಳು ರಾಧಿಕಾ. “ನೀ ಬಂದದ್ದು ತವರಿಗೋ ಸಾಲಿಗೋ ಅಂತ ನಮ್ಮವ್ವ ಬೈಲತ್ತಾಳ.”

ಗೆಳತಿಯರು ಹತ್ತನೇ ತರಗತಿಯ ಬೆಂಚುಗಳಲ್ಲಿ ಒತ್ತೊತ್ತಾಗಿ ಕೂತು ಹರಟೆಗಿಳಿದರು. ಅವರ ಮಕ್ಕಳೆಲ್ಲ ಗಂಡಸರ ಪಾಲಾದವು. ಹೆಗಲ ಮೇಲೊಂದು, ಕೈಯಲ್ಲೊಂದು ಕೂಸು ಹಿಡಿದ ಅಮೋಲ್ ಕಿಟಕಿಗೆ ಬಂದ.

“ಸಿದ್ದಿ, ಮುಂದಿನ ವರ್ಷ ಪಂಚಮಿ ಯಾವಾಗ ಬರ್ತದ, ನೋಡಿ ಹೇಳು.”

“ತಡಿ, ಮೊದಲ ನಮ್ಮ ಮಾತು ಮುಗೀಲಿ,” ಎಂದು ಸಿದ್ದೇಶ್ವರಿ ಗೆಳತಿಯರತ್ತ ತಿರುಗಿದಳು.